ಜೋಡಿ ಸೈಕಲ್ಲಿನ ಮೊದಲ ಎರಡು ಮೀಟರ್

ಭಾನುವಾರ ಬೆಳಿಗ್ಗೆ ನಾನು ಮತ್ತು ಚಿಕ್ಕಪ್ಪ ಹಾಸನದಿಂದ ಗೊರೂರಿಗೆ ಟ್ಯಾಂಡೆಮ್, ಅಂದರೆ ಇಬ್ಬರು ಹಿಂದೆ-ಮುಂದೆ ಕೂತು ತುಳಿಯುವ ಸೈಕಲ್ಲಿನಲ್ಲಿ ಹೋಗುತ್ತೇವೆ. ಚಿಕ್ಕಪ್ಪನಿಗೆ ಕಣ್ಣು ಕಾಣುವುದಿಲ್ಲ. ಹಿಂದಿನ ಸೀಟು ಅವರದು. ಪ್ಯಾರಾಲಿಂಪಿಕ್ಸ್‌ನಲ್ಲಿ ಕಣ್ಣು ಕಾಣದವರು ಸೈಕಲ್ ರೇಸಿಗೆ ಇಳಿಯುವುದೂ ಹೀಗೆಯೇ. ಮುಂದೆ ಕೂತವರನ್ನು ಅಲ್ಲಿ ಪೈಲಟ್ ಅನ್ನುತ್ತಾರೆ.

ಓಡುವಾಗ ಏನೂ ತೊಂದರೆಯಿಲ್ಲ. ಕಷ್ಟವೆಲ್ಲ ಹೊರಡುವಾಗ ಮತ್ತು ನಿಲ್ಲಿಸುವಾಗ.

ಸೈಕಲ್ ಎಡಕ್ಕೆ ವಾಲಿದರೆ ನಾವು ಗೊತ್ತಿಲ್ಲದೆಯೇ ಹ್ಯಾಂಡಲ್ಲನ್ನು ಎಡಕ್ಕೇ ತಿರುಗಿಸುತ್ತೇವೆ. ಚಕ್ರಗಳು ನಮ್ಮ ಭಾರದ ಅಡಿಗೆ ಬಂದು ಸೈಕಲ್ ನೆಟ್ಟಗಾಗುತ್ತದೆ. ಅಂಗೈ ಮೇಲೆ ಕೋಲು ನಿಲ್ಲಿಸುವ ಹುಡುಗರು ಕೋಲು ವಾಲಿದ ಕಡೆಗೇ ಕೈ ಒಯ್ಯುತ್ತಾರೆ ಅಲ್ವಾ, ಹಾಗೆ. ಆದರೆ ಇದಕ್ಕೆ ವೇಗ ಬೇಕು. ವೇಗ ಅರ್ಧವಾದರೆ, ಅಷ್ಟೇ ಹ್ಯಾಂಡಲ್ ತಿರುಗಿಸಿದರೂ ಅದರ ಫಲ ಕಾಲು ಭಾಗಕ್ಕೆ ಇಳಿಯುತ್ತದೆ. ಟ್ಯಾಂಡೆಮ್ ಉದ್ದ ಬೇರೆ. ಮಾಮೂಲಿ ಸೈಕಲ್ಲಿನ ಎರಡು ಚಕ್ರಗಳ ನಡುವೆ ಸುಮಾರು 1 ಮೀಟರ್ ಇದ್ದರೆ, ಇದರಲ್ಲಿ ಸುಮಾರು 1.7 ಮೀಟರ್. ಹ್ಯಾಂಡಲ್ ಅಷ್ಟೇ ತಿರುಗಿಸಿದರೆ ಇದು ಇನ್ನೂ ಕಡಿಮೆ ತಿರುಗುತ್ತದೆ. ಹಾಗಾಗಿ ಮೊದಲ ಒಂದೆರಡು ತುಳಿತದಲ್ಲೇ ವೇಗ ಹಿಡಿಯಬೇಕು.

ನಾನು ಎರಡೂ ಬ್ರೇಕ್ ಅದುಮಿ, ಕಾಲು ಅಗಲಿಸಿ ನಿಲ್ಲುತ್ತೇನೆ. ಚಿಕ್ಕಪ್ಪ ಹತ್ತಿ ಕೂತು ಎರಡೂ ಕಾಲು ಪೆಡಲ್ ಮೇಲಿಡುತ್ತಾರೆ. ಆಮೇಲೆ ಪೆಡಲ್ಲನ್ನು ಹಿಂದಕ್ಕೆ ತಿರುಗಿಸಿ ನನ್ನ ಬಲಗಾಲಿಗೆ ಮೇಲೆ ತಂದು ಕೊಡುತ್ತಾರೆ. ಕಾಲು ಅಗಲಿಸದಿದ್ದರೆ ಆ ತಿರುಗುವ ಪೆಡಲ್ ಸೀದಾ ಮೊಣಕಾಲಿನ ಕೆಳಗಿನ ಎಲುಬಿಗೆ ಬಡಿಯುತ್ತದೆ. "ರೆಡಿನಾ ಚಿಕ್ಕಪ್ಪ?" "ಹೂಂ, ನಡಿಯೋ." ಇಬ್ಬರೂ ಒಟ್ಟಿಗೆ ಒತ್ತುತ್ತೇವೆ.

ಎರಡು ಜೊತೆ ಪೆಡಲ್‌ಗಳನ್ನೂ ಒಂದು ಚೈನು ಬಿಗಿದಿರುತ್ತದೆ. ನಾನು ತುಳಿಯುವುದು ನಿಲ್ಲಿಸಿದರೆ ಅವರ ಕಾಲೂ ನಿಂತೇ ಹೋಗಬೇಕು. ಒಮ್ಮೆ ಹಂಪ್ಸ್ ಕಂಡು ಹೇಳದೆ ನಿಲ್ಲಿಸಿಬಿಟ್ಟೆ. ಜೋರಾಗಿ ತುಳಿಯುತ್ತಿದ್ದ ಅವರ ಮಂಡಿ ಗಕ್ಕನೆ ಜಗ್ಗಿತು. "ಬಾಯಿಬಿಟ್ಟು ಹೇಳೋ" ಅಂದರು. ಎರಡು ದಿನ ಮಂಡಿ ನೋವಿತ್ತು. ಅಂದಿನಿಂದ ಹಂಪ್ಸ್, ಗೇರು, ತಿರುವು, ಎಲ್ಲಕ್ಕೂ ಮೊದಲು ಮಾತು, ಆಮೇಲೆ ಕಾಲು.

ಬ್ರೇಕಿನ ಲೆಕ್ಕವೂ ದೊಡ್ಡದೇ. ನಾವಿಬ್ಬರು ಮತ್ತು ಸೈಕಲ್ ಸೇರಿ ಸುಮಾರು 170 ಕೆಜಿ. ಬ್ರೇಕ್ ಹಿಡಿದು 100 ಮೀಟರ್ ಎತ್ತರ ಇಳಿದರೆ ಹುಟ್ಟುವ ಶಾಖ ಅರ್ಧ ಲೀಟರ್ ನೀರು ಕುದಿಸಲು ಸಾಕು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಿಂದ ಚಿಕ್ಕಮಗಳೂರಿಗೆ ಇಳಿಯುವುದೆಂದರೆ ಅದರ ಎಂಟು ಪಟ್ಟು. ರಿಮ್ಮಿಗೆ ಒತ್ತುವ ಬ್ರೇಕಾದರೆ ರಿಮ್ ಕಾದು ಟಯರ್ ಸಿಡಿಯಬಹುದು. ಅದಕ್ಕೇ ಘಟ್ಟ ಇಳಿಯುವ ಟ್ಯಾಂಡೆಮ್‌ಗೆ ಡ್ರಮ್ ಅಥವಾ ಡಿಸ್ಕ್ ಬ್ರೇಕ್ ಬೇಕೇ ಬೇಕು. ನಮ್ಮದರಲ್ಲಿ ರಿಮ್ ಬ್ರೇಕ್ ಮಾತ್ರ ಇದೆ, ಗಿರಿಯ ಆಸೆ ಸದ್ಯಕ್ಕೆ ಬಿಟ್ಟಿದ್ದೇವೆ.

ಗೊರೂರಿನ ಟೀ ಅಂಗಡಿ ಹತ್ತಿರ ಬರುತ್ತಿದ್ದಂತೆ "ನಿಲ್ಲಿಸ್ತೀನಿ ಚಿಕ್ಕಪ್ಪ" ಅನ್ನುತ್ತೇನೆ. ನನ್ನ ಎಡಗಾಲು ನೆಲ ಮುಟ್ಟುತ್ತದೆ. ಅವರ ಕಾಲು ಇನ್ನೂ ಪೆಡಲ್ ಮೇಲೆಯೇ. ಎರಡೂ ಬ್ರೇಕ್ ಅದುಮಿ "ಇಳೀರಿ" ಅಂದ ಮೇಲೆ ನನ್ನ ಭುಜ ಹಿಡಿದು ಇಳಿಯುತ್ತಾರೆ.