ಸತ್ತವನ ಕತೆ ಇರಲಿ, ಓಡಿ ವಾಪಸು ಬಂದವನ ಕತೆ ಕೇಳಿ

ಮ್ಯಾರಥಾನಿಗೆ ಹೆಸರು ಕೊಟ್ಟು ನನ್ನ ಹತ್ತಿರ ತರಬೇತಿಗೆ ಬರುವವರು ಮೊದಲು ಕೇಳುವುದು ಶೂ ಬಗ್ಗೆ. ಎರಡನೇ ಪ್ರಶ್ನೆ ಹೆಚ್ಚಾಗಿ ಮನೆಯವರು ಕೇಳಿ ಕಳಿಸಿದ್ದು: "ಸರ್, ಮೊದಲು ಓಡಿದವನೇ ಸತ್ತುಹೋದನಂತೆ, ಅಲ್ವಾ?" ಈ ಪ್ರಶ್ನೆ ಬಾರದ ಬ್ಯಾಚೇ ಇಲ್ಲ.

ಕತೆ ಎಲ್ಲರಿಗೂ ಗೊತ್ತಿರುವುದೇ. ಕ್ರಿ.ಪೂ. 490ರಲ್ಲಿ ಮ್ಯಾರಥಾನ್ ಬಯಲಿನಲ್ಲಿ ಅಥೆನ್ಸಿನವರು ಪರ್ಷಿಯನ್ನರನ್ನು ಸೋಲಿಸಿದರು. ಫಿಡಿಪ್ಪಿಡೀಸ್ ಎಂಬವನು ಅಲ್ಲಿಂದ ಸುಮಾರು 40 ಕಿ.ಮೀ. ಓಡಿ ಅಥೆನ್ಸಿಗೆ ಬಂದ. "ಗೆದ್ದೆವು" ಅಂದವನೇ ಬಿದ್ದು ಪ್ರಾಣ ಬಿಟ್ಟ.

ಆದರೆ ಆ ಯುದ್ಧದ ಬಗ್ಗೆ ವಿವರವಾಗಿ ಬರೆದವರಲ್ಲಿ ಹಳಬ ಹೆರೊಡೋಟಸ್. ಅವನ ಬರಹದಲ್ಲಿ ಈ ಓಟವೇ ಇಲ್ಲ. ಓಡಿ ಬಂದು ಸಾಯುವ ಮನುಷ್ಯ ಕಾಣಿಸುವುದು ಪ್ಲುಟಾರ್ಕನಲ್ಲಿ, ಅಂದರೆ ಯುದ್ಧ ಮುಗಿದು ಸುಮಾರು 600 ವರ್ಷದ ಮೇಲೆ. ಅಲ್ಲೂ ಹೆಸರು ಬೇರೆ. ಥೆರ್ಸಿಪ್ಪಸ್ ಅಂತ ಕೆಲವರು, ಯೂಕ್ಲೀಸ್ ಅಂತ ಇನ್ನು ಕೆಲವರು. ಆಮೇಲೆ ಬಂದ ಲೂಸಿಯನ್ ಅದನ್ನು ಫಿಡಿಪ್ಪಿಡೀಸನ ತಲೆಗೆ ಕಟ್ಟಿದ. 1879ರಲ್ಲಿ ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ ಎಲ್ಲವನ್ನೂ ಸೇರಿಸಿ ಒಂದು ಪದ್ಯ ಹೊಸೆದ. 1896ರ ಅಥೆನ್ಸ್ ಒಲಿಂಪಿಕ್ಸ್‌ಗೆ ಇಂಥದ್ದೊಂದು ಓಟ ಇರಲಿ ಅಂತ ಹೇಳಿದ್ದು ಮಿಶೆಲ್ ಬ್ರೆಯಾಲ್ ಎಂಬ ಫ್ರೆಂಚ್ ಭಾಷಾ ವಿದ್ವಾಂಸ. ಕ್ರೀಡಾಪಟು ಅಲ್ಲ, ಮೇಷ್ಟ್ರು! ಅದನ್ನು ಗೆದ್ದವನು ನೀರು ಹೊರುವ ಕೆಲಸ ಮಾಡುತ್ತಿದ್ದ ಸ್ಪಿರಿಡಾನ್ ಲೂಯಿಸ್. ನಮ್ಮ 42.195 ಕಿ.ಮೀ. ಅಂತೂ ಗ್ರೀಸಿನದೇ ಅಲ್ಲ, 1908ರ ಲಂಡನ್ ಒಲಿಂಪಿಕ್ಸ್‌ನದು.

ಹಾಗಾದರೆ ಹೆರೊಡೋಟಸ್ ಹೇಳುವುದೇನು? ಕೋಚ್ ಆಗಿ ನನಗೆ ಜಾಸ್ತಿ ಇಷ್ಟವಾಗುವುದು ಅದೇ.

ಅವನ ಓಟಗಾರನೂ ಫಿಡಿಪ್ಪಿಡೀಸನೇ, ಆದರೆ ಹೊರಡುವುದು ಯುದ್ಧಕ್ಕೆ ಮೊದಲು. ಪರ್ಷಿಯನ್ನರು ಬಂದಿಳಿದಿದ್ದಾರೆ, ಸಹಾಯ ಬೇಕು, ಸ್ಪಾರ್ಟಾಕ್ಕೆ ಸುದ್ದಿ ಮುಟ್ಟಿಸಬೇಕು. ದೂರ ಸುಮಾರು 240 ಕಿ.ಮೀ. ಬೆಂಗಳೂರಿಂದ ಚಿಕ್ಕಮಗಳೂರಿಗೆ ಇದ್ದಷ್ಟು ಅಂದುಕೊಳ್ಳಿ. ಹೊರಟ ಮಾರನೇ ದಿನವೇ ಅವನು ಸ್ಪಾರ್ಟಾದಲ್ಲಿದ್ದ. ಸ್ಪಾರ್ಟಾದವರು "ಹುಣ್ಣಿಮೆ ಆಗುವ ತನಕ ಹೊರಡುವಂತಿಲ್ಲ, ನಮ್ಮ ಕಟ್ಟಳೆ" ಅಂದರು. ಆ ಉತ್ತರ ಹೊತ್ತು ಅವನು ವಾಪಸು ಬಂದ. ಸಾಯಲಿಲ್ಲ, ಅಷ್ಟೇ ಅಲ್ಲ, ದಾರಿಯಲ್ಲಿ ಏನೇನಾಯಿತು ಅಂತ ಊರಿನವರಿಗೆ ಹೇಳಿದ.

ಅವನು ಯಾರೋ ಸಿಕ್ಕ ಸಿಪಾಯಿ ಅಲ್ಲ. ಅದು ಅವನ ಕಸುಬು. ಗ್ರೀಕರು ಇಂಥವರನ್ನು ಹೆಮೆರೋಡ್ರೋಮೋಸ್ ಅನ್ನುತ್ತಿದ್ದರು. ದಿನವಿಡೀ ಓಡುವವನು ಅಂತ ಅರ್ಥ. ನಮ್ಮ ಮಾತಲ್ಲಿ ಓಲೆಕಾರ. ಸಂಬಳಕ್ಕೆ ಓಡುವವನು ನಾಳೆಯೂ ಓಡಬೇಕು. ಹಾಗಾಗಿ ಅವನು ಜೋರಾಗಿ ಓಡುವುದಿಲ್ಲ.

ಲೆಕ್ಕ ಹಾಕಿ ನೋಡಿ. 240 ಕಿ.ಮೀ. ದೂರವನ್ನು 36 ಗಂಟೆಯಲ್ಲಿ ಮುಗಿಸಲು ಕಿ.ಮೀ.ಗೆ 9 ನಿಮಿಷ ಸಾಕು. ನನ್ನ ಹತ್ತಿರ ಬರುವ ಹೊಸಬರು ಮೊದಲ ದಿನವೇ ಇದಕ್ಕಿಂತ ಜೋರಾಗಿ ಓಡುತ್ತಾರೆ. ಎರಡು ಕಿ.ಮೀ. ಆದ ಮೇಲೆ ಸೊಂಟ ಹಿಡಿದುಕೊಂಡು ನಿಲ್ಲುತ್ತಾರೆ, ಅದು ಬೇರೆ ಮಾತು.

ಯಾಕೆ ಹೀಗೆ? ನಮ್ಮ ಸ್ನಾಯು ಮತ್ತು ಲಿವರ್ ಸೇರಿ ಸುಮಾರು 2000 ಕ್ಯಾಲೊರಿಯಷ್ಟು ಗ್ಲೈಕೋಜೆನ್, ಅಂದರೆ ಕೂಡಿಟ್ಟ ಸಕ್ಕರೆ, ಇಟ್ಟುಕೊಳ್ಳುತ್ತವೆ. ಓಡುವಾಗ ಒಂದು ಕಿ.ಮೀ.ಗೆ ದೇಹದ ಪ್ರತಿ ಕೆ.ಜಿ.ಗೆ ಹೆಚ್ಚುಕಡಿಮೆ ಒಂದು ಕ್ಯಾಲೊರಿ ಖರ್ಚು. 65 ಕೆ.ಜಿ. ಇರುವವನಿಗೆ 30 ಕಿ.ಮೀ. ಆಗುವಷ್ಟರಲ್ಲಿ ಡಬ್ಬಿ ಖಾಲಿ. ವೇಗ ಇಳಿಸಿದರೆ ದೇಹ ಕೊಬ್ಬನ್ನು ಜಾಸ್ತಿ ಉರಿಸುತ್ತದೆ. ಕೊಬ್ಬು ಎಷ್ಟು ತೆಳ್ಳಗಿರುವವನಲ್ಲೂ ದಿನಗಟ್ಟಲೆಗೆ ಸಾಲುವಷ್ಟಿರುತ್ತದೆ. ವೇಗ ಏರಿಸಿದಷ್ಟೂ ಗ್ಲೈಕೋಜೆನ್ ಬೇಗ ಕರಗುತ್ತದೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದ ಅಲ್ಲ. ನನ್ನ ಮೊದಲ ಮ್ಯಾರಥಾನಿನಲ್ಲಿ ಅರ್ಧ ದೂರವನ್ನು 1 ಗಂಟೆ 50 ನಿಮಿಷಕ್ಕೆ ಮುಗಿಸಿ ಬೀಗಿದ್ದೆ. 33ನೇ ಕಿ.ಮೀ.ಗೆ ತೊಡೆ ಎರಡೂ ಕಲ್ಲು. ರಸ್ತೆ ಬದಿಯ ಎಳನೀರಿನವನು ತನ್ನ ಸ್ಟೂಲ್ ಬಿಟ್ಟುಕೊಟ್ಟ. ಎರಡು ಎಳನೀರು ಕುಡಿದೆ, ಗಂಜಿ ಕೆರೆಸಿ ತಿಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಸ್ ಇಲ್ಲೇ ಸಿಗ್ತದೆ ಸಾರ್" ಅಂದ. ಜೇಬಲ್ಲಿ ಒಂದು ರೂಪಾಯಿ ಇರಲಿಲ್ಲ. ಮಾರನೇ ದಿನ ಕುಂಟುತ್ತಾ ಹೋಗಿ ಸಾಲ ತೀರಿಸಿದೆ.

ಹೆರೊಡೋಟಸನ ಲೆಕ್ಕ ನಿಜವಾಗಿ ಸಾಧ್ಯವಾ ಅಂತ ನೋಡಿದ್ದು 1982ರಲ್ಲಿ. ಬ್ರಿಟನ್ನಿನ ವಾಯುಪಡೆಯ ಜಾನ್ ಫೋಡನ್ ಜೊತೆ ನಾಲ್ವರು ಅಥೆನ್ಸಿಂದ ಹೊರಟರು. ಮೂವರು ಸ್ಪಾರ್ಟಾ ಮುಟ್ಟಿದರು. ಫೋಡನ್‌ಗೆ 37 ಗಂಟೆ 37 ನಿಮಿಷ ಹಿಡಿಯಿತು. ಮುಂದಿನ ವರ್ಷವೇ ಸ್ಪಾರ್ಟಾಥ್ಲಾನ್ ಶುರು: 246 ಕಿ.ಮೀ., 36 ಗಂಟೆಯ ಗಡುವು. ಮೊದಲ ವರ್ಷ ಗೆದ್ದವನು ಗ್ರೀಸಿನ ಯಿಯಾನಿಸ್ ಕೌರೋಸ್, 22 ಗಂಟೆಯೂ ಬೇಕಾಗಲಿಲ್ಲ. ಅಲ್ಲಿ ರಿಬ್ಬನ್ ಕತ್ತರಿಸುವಂಥದ್ದೇನಿಲ್ಲ. ಸ್ಪಾರ್ಟಾದ ಬೀದಿಯ ಕೊನೆಯಲ್ಲಿ ಲಿಯೋನಿದಾಸ್ ರಾಜನ ವಿಗ್ರಹ ಇದೆ. ಅದರ ಪಾದ ಮುಟ್ಟಿದರೆ ಓಟ ಮುಗಿಯಿತು. ಕುಡಿಯಲು ಎವ್ರೋತಾಸ್ ನದಿಯ ನೀರು ಕೊಡುತ್ತಾರೆ.

ಓಡಿ ಸತ್ತವನ ಕತೆಯೇ ಬೇಕು ಅನ್ನುವವರಿಗೆ ಪ್ಲುಟಾರ್ಕ್ ಇನ್ನೊಂದು ಇಟ್ಟಿದ್ದಾನೆ. ಕ್ರಿ.ಪೂ. 479ರಲ್ಲಿ ಪ್ಲಾಟಿಯಾ ಯುದ್ಧದ ಮೇಲೆ ಊರಿನ ಬೆಂಕಿಯೆಲ್ಲ ಪರ್ಷಿಯನ್ನರಿಂದ ಮೈಲಿಗೆಯಾಗಿದೆ ಅಂತ ಆರಿಸಿದರು. ಯೂಕಿಡಾಸ್ ಎಂಬವನು ಗ್ರೀಕರ ಪುಣ್ಯಕ್ಷೇತ್ರ ಡೆಲ್ಫಿಗೆ ಓಡಿ, ಅಲ್ಲಿಂದ ಹೊಸ ಬೆಂಕಿ ತಂದ. ಹೋಗಿ ಬಂದದ್ದು ಒಂದೇ ದಿನದಲ್ಲಿ, ಸಾವಿರ ಸ್ಟೇಡಿಯ, ಅಂದರೆ ಸುಮಾರು 180 ಕಿ.ಮೀ. ಬೆಂಕಿ ಕೊಟ್ಟವನೇ ಕುಸಿದು ಸತ್ತ. ಬೆಂಕಿ ಬೇಗ ತರಬೇಕಿತ್ತು, ಓಡಿದ, ಸತ್ತ. ಅವಸರದ ಓಟಕ್ಕೆ ಉದಾಹರಣೆ ಬೇಕಾದಾಗ ನಾನು ಇವನನ್ನು ಹೇಳುತ್ತೇನೆ.

ಹೆರೊಡೋಟಸನ ಪ್ರಕಾರ ಮ್ಯಾರಥಾನಿನಿಂದ ಅಥೆನ್ಸಿಗೆ ಧಾವಿಸಿದ್ದು ಒಬ್ಬನಲ್ಲ, ಇಡೀ ಸೈನ್ಯ. ಸೋತ ಪರ್ಷಿಯನ್ನರು ಹಡಗಿನಲ್ಲಿ ಸುತ್ತಿ ಬಂದು ಕಾವಲಿಲ್ಲದ ಊರನ್ನು ಹಿಡಿಯುತ್ತಾರೆ ಅನ್ನುವ ಭಯ. ಯುದ್ಧ ಮಾಡಿ ದಣಿದವರು ಬಿರುಸಾಗಿ ನಡೆದು ಹಡಗಿಗಿಂತ ಮೊದಲು ಊರು ಸೇರಿದರು. ಪದಕ ಕೊಡುವುದಾದರೆ ಅವರಿಗೆಲ್ಲ ಕೊಡಬೇಕು.

ಇನ್ನೊಂದು ಸಂಗತಿ. ಟೆಜಿಯಾ ಊರಿನ ಮೇಲಿನ ಪಾರ್ಥೇನಿಯನ್ ಬೆಟ್ಟದಲ್ಲಿ ತನಗೆ ಪಾನ್ ದೇವರು ಸಿಕ್ಕಿದ ಅಂತ ಓಲೆಕಾರ ಹೇಳಿದ. ಹೆಸರು ಹಿಡಿದು ಕರೆದು, "ಅಥೆನ್ಸಿನವರಿಗೆ ನಾನು ಎಷ್ಟು ಸಲ ಒಳ್ಳೆಯದು ಮಾಡಿದ್ದೇನೆ, ನನ್ನನ್ನು ಯಾಕೆ ವಿಚಾರಿಸುವುದಿಲ್ಲ?" ಅಂತ ದೂರಿದನಂತೆ. ಇದನ್ನು ಕೇಳಿ ನಗುವವರು ರಾತ್ರಿಯಿಡೀ ಓಡಿದವರಲ್ಲ. ಸ್ಪಾರ್ಟಾಥ್ಲಾನಿನಲ್ಲಿ ಆ ಬೆಟ್ಟ ಬರುವುದು ಸುಮಾರು 160 ಕಿ.ಮೀ. ಆದ ಮೇಲೆ, ಹೆಚ್ಚಿನವರಿಗೆ ನಡುರಾತ್ರಿಯಲ್ಲಿ. ನನ್ನ ಶಿಷ್ಯನೊಬ್ಬ 24 ಗಂಟೆಯ ಓಟದಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಟ್ರ್ಯಾಕಿನ ಅಂಚಲ್ಲಿ ಕಟ್ಟಿದ್ದ ಎಮ್ಮೆಯನ್ನು ಪ್ರತಿ ಸುತ್ತಿಗೂ ಬಳಸಿಕೊಂಡು ಹೋಗುತ್ತಿದ್ದ. ಅಲ್ಲಿ ಎಮ್ಮೆ ಇರಲಿಲ್ಲ.

ಅಥೆನ್ಸಿನವರು ಓಲೆಕಾರನ ಮಾತನ್ನು ತಳ್ಳಿಹಾಕಲಿಲ್ಲ. ಯುದ್ಧದ ಗಲಾಟೆ ತಣ್ಣಗಾದ ಮೇಲೆ ಆಕ್ರೊಪೊಲಿಸ್ ಗುಡ್ಡದ ಕೆಳಗೆ ಪಾನ್‌ಗೆ ಗುಡಿ ಮಾಡಿದರು. ಅವನ ಹೆಸರಲ್ಲಿ ವರ್ಷವರ್ಷವೂ ಬಲಿ ಕೊಟ್ಟು, ಪಂಜು ಹಿಡಿದು ಓಟ ನಡೆಸಿದರು.