ಲಾಗಿನ್ ಎಣಿಸಿದರೆ ಗುಣಮಟ್ಟ ತಿಳಿಯುತ್ತದೆಯೇ?

ವಿಶ್ವವಿದ್ಯಾಲಯದ ಆನ್‌ಲೈನ್ ಕಲಿಕಾ ವೇದಿಕೆಯನ್ನು ಅಳೆಯಲು ಹೊರಟವರಲ್ಲಿ ಅನೇಕರು ಕೈಗೆತ್ತಿಕೊಳ್ಳುವುದು ಸಂಶೋಧಕರಾದ ಡಿಲೋನ್ ಮತ್ತು ಮೆಕ್ಲೀನ್ ಅವರ ಮಾದರಿಯನ್ನು; ಒಂದು ವ್ಯವಸ್ಥೆ ಎಷ್ಟು ಯಶಸ್ವಿ ಎಂದು ಅಳೆಯುವ ಚೌಕಟ್ಟು ಅದು. 1992ರಲ್ಲಿ ಬಂದ ಇದು ಮಾಹಿತಿ ವ್ಯವಸ್ಥೆಗಳಿಗಾಗಿ ಹುಟ್ಟಿದ್ದು, ಪಾಠಕ್ಕಾಗಿ ಅಲ್ಲ. 2003ರ ಪರಿಷ್ಕರಣೆಯಲ್ಲಿ ಸೇವೆಯೂ ಸೇರಿ, ಗುಣಮಟ್ಟಕ್ಕೆ ವ್ಯವಸ್ಥೆ, ಮಾಹಿತಿ, ಸೇವೆ ಎಂಬ ಮೂರು ಮುಖಗಳಾದವು.

ಬಾಯಿಪಾಠ ಬೇಡ, ಒಂದು ರಾತ್ರಿಯನ್ನು ಊಹಿಸಿಕೊಳ್ಳಿ. ಅಸೈನ್‌ಮೆಂಟ್ ಸಲ್ಲಿಸಲು ಹನ್ನೆರಡರ ಗಡುವು. 11.57ಕ್ಕೆ ಅಪ್‌ಲೋಡ್ ಒತ್ತಿದ್ದೀರಿ, ಚಕ್ರ ತಿರುಗುತ್ತಲೇ ಇದೆ: ಇದು ವ್ಯವಸ್ಥೆಯ ದೋಷ. ಒಂದು ಪುಟದಲ್ಲಿ ಗಡುವು ಇಂದು, ಇನ್ನೊಂದರಲ್ಲಿ ನಾಳೆ ಎಂದಿದ್ದರೆ ಮಾಹಿತಿಯ ದೋಷ. ಸಹಾಯ ಕೇಳಿದ ಇಮೇಲ್‌ಗೆ ನಾಲ್ಕು ದಿನ ಬಿಟ್ಟು ‘ಈಗ ಸರಿಹೋಯಿತೇ?’ ಎಂಬ ಉತ್ತರ ಬಂದರೆ ಸೇವೆಯ ದೋಷ.

ಮಾದರಿಯ ಮುಂದಿನ ಕೊಂಡಿಗಳು ಬಳಕೆ, ತೃಪ್ತಿ, ನಿವ್ವಳ ಪ್ರಯೋಜನ (ಕೊನೆಗೆ ಒಟ್ಟಾರೆ ಸಿಕ್ಕ ಲಾಭ). ನಾವು ಎಡವುವುದು ಬಳಕೆಯಲ್ಲಿ. ಹಾಜರಾತಿಯೂ ಅಂಕವೂ ವೇದಿಕೆಗೇ ಅಂಟಿಕೊಂಡಿರುವಾಗ ಲಾಗಿನ್ ಆಗದೆ ವಿದ್ಯಾರ್ಥಿಗೆ ಬೇರೆ ದಾರಿ ಎಲ್ಲಿದೆ? ಲಾಗಿನ್‌ಗಳ ಸಂಖ್ಯೆ ವಿಧೇಯತೆಯನ್ನು ತೋರಿಸೀತು, ಗುಣಮಟ್ಟವನ್ನಲ್ಲ. ವರದಿಗಳ ಮೊದಲ ಪುಟದಲ್ಲಿ ಅದೇ ರಾರಾಜಿಸುತ್ತಿರುತ್ತದೆ ಎನ್ನುವುದು ಬೇರೆ ಮಾತು.

ಬಳಸಲು ಸುಲಭವೇ ಎಂದು ತಿಳಿಯಲು ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಎಸ್‌ಯುಎಸ್ (ಸಿಸ್ಟಮ್ ಯೂಸಬಿಲಿಟಿ ಸ್ಕೇಲ್) ಪ್ರಶ್ನಾವಳಿ ಇದೆ. ಹತ್ತು ಹೇಳಿಕೆಗಳು, ಪ್ರತಿಯೊಂದಕ್ಕೂ 1ರಿಂದ 5ರವರೆಗಿನ ಉತ್ತರ. ಬೆಸ ಸಂಖ್ಯೆಯವು ಹೊಗಳಿಕೆ, ಸಮ ಸಂಖ್ಯೆಯವು ದೂರು. ಬೆಸ ಸಂಖ್ಯೆಯ ಹೇಳಿಕೆಯ ಪ್ರತಿ ಉತ್ತರದಿಂದ 1 ಕಳೆಯಬೇಕು, ಸಮ ಸಂಖ್ಯೆಯದರ ಪ್ರತಿ ಉತ್ತರವನ್ನು 5ರಿಂದ ಕಳೆಯಬೇಕು, ಮೊತ್ತವನ್ನು 2.5ರಿಂದ ಗುಣಿಸಬೇಕು. ಒಬ್ಬರ ಬೆಸ ಉತ್ತರಗಳು 4, 4, 3, 4, 3 ಆದರೆ 13. ಸಮ ಉತ್ತರಗಳು 2, 2, 3, 1, 2 ಆದರೆ 15. ಒಟ್ಟು 28, ಅಂಕ 70. ಇದು ಶೇಕಡಾ 70 ಅಲ್ಲ, ಪರೀಕ್ಷೆಯಲ್ಲಿ ಹಾಗೆ ಬರೆಯಬೇಡಿ. ಸಾಮಾನ್ಯವಾಗಿ 68 ಅನ್ನು ಸರಾಸರಿ ಎಂದು ಹಿಡಿಯುವುದರಿಂದ 70 ಎಂದರೆ ಸುಮಾರಾಗಿದೆ ಎಂದಷ್ಟೇ ಅರ್ಥ.

ಇನ್ನು ಯಾರನ್ನು ಕೇಳಿದೆವು ಎಂಬ ಪ್ರಶ್ನೆ. ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕಿದ ಪಿಡಿಎಫ್ ಅನ್ನು ಪರದೆ ಓದುವ ತಂತ್ರಾಂಶಕ್ಕೆ ನೇರವಾಗಿ ಓದಲಾಗದು; ಆದರೆ ತರಗತಿಯ ಒಬ್ಬ ಅಂಧ ವಿದ್ಯಾರ್ಥಿಯ ಕಷ್ಟ ಸರಾಸರಿಯಲ್ಲಿ ಕರಗಿಹೋಗುತ್ತದೆ. ಅದಕ್ಕಿಂತ ವಿಚಿತ್ರವೆಂದರೆ, ಸಮೀಕ್ಷೆಯ ಕೊಂಡಿಯನ್ನು ವೇದಿಕೆಯ ಒಳಗೇ ಇಟ್ಟಿರುತ್ತಾರೆ. ಒಳಗೆ ಬರಲಾಗದೆ ಕೋರ್ಸ್ ಬಿಟ್ಟವರಿಗೆ ಅದು ಕಾಣುವುದೇ ಇಲ್ಲ.