ಜಿಲೇಬಿಗೆ ಚಳಿ ಹಿಡಿದಾಗ

ಕಡಲೆಕಾಯಿ ಪರಿಷೆ ಮುಗಿದು ಎರಡು ವಾರವಾಗಿತ್ತು. ಬೆಳಿಗ್ಗೆ ಆರೂವರೆಗೆ ಕಾಫಿ ಲೋಟ ಹಿಡಿದು ತಾರಸಿಗೆ ಹೋದರೆ, ತೊಟ್ಟಿಯಲ್ಲಿ ಮೂರು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಉಳಿದವು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ತಿನ್ನದೆ ಬಿಟ್ಟ ಮೀನಿನ ಆಹಾರದ ಕಾಳು ತಳದಲ್ಲಿ ಉಬ್ಬಿ, ಬಿಳಿ ಬೂಷ್ಟು ಹಿಡಿದು ಕೂತಿತ್ತು.

ಜಿಲೇಬಿ ಎಂದರೆ ನಮ್ಮಲ್ಲಿ ತಿಲಾಪಿಯಾ ಮೀನು. (ತಾರಸಿ ಮೇಲೆ ಜಿಲೇಬಿ ಸಾಕುತ್ತಿದ್ದೇನೆ ಎಂದರೆ ಬಸವನಗುಡಿ ಕಡೆಯ ನೆಂಟರು ಈಗಲೂ ನಗುತ್ತಾರೆ.) 500 ಲೀಟರಿನ ತೊಟ್ಟಿ, ಅದರಲ್ಲಿ 40 ಮೀನು. ಪಕ್ಕದಲ್ಲಿ ಜಲ್ಲಿ ತುಂಬಿದ ಎರಡು ದೊಡ್ಡ ಟ್ರೇ, ಅದರಲ್ಲಿ ಮೆಂತ್ಯ, ಪಾಲಕ್. ಪಂಪು ತೊಟ್ಟಿಯ ನೀರನ್ನು ಟ್ರೇಗೆ ಎತ್ತುತ್ತದೆ, ಅದು ಜಲ್ಲಿಯಲ್ಲಿ ಸೋಸಿ ಮತ್ತೆ ತೊಟ್ಟಿಗೆ ಇಳಿಯುತ್ತದೆ. ಮೀನಿನ ಕೊಳೆ ಸೊಪ್ಪಿಗೆ ಗೊಬ್ಬರ. ಇದಕ್ಕೆ ಅಕ್ವಾಪೋನಿಕ್ಸ್ ಎನ್ನುತ್ತಾರೆ. ಹೆಸರು ಹೊಸದು, ಅಷ್ಟೆ. ಬೇಸಿಗೆಯಲ್ಲಿ ಕೆರೆಯ ಗೋಡು ಎತ್ತಿ ಹೊಲಕ್ಕೆ ಹೊಡೆಯುತ್ತಿದ್ದ ನಮ್ಮ ರೈತರಿಗೆ ಇದರ ಮರ್ಮ ಗೊತ್ತೇ ಇತ್ತು.

ನನ್ನ ಚಿಕ್ಕಪ್ಪನ ಮಗ ಕೆನಡಾದ ಕ್ಯಾಲ್ಗರಿಯಲ್ಲಿದ್ದಾನೆ. ಮನೆಯ ಬೇಸ್‌ಮೆಂಟಿನಲ್ಲಿ ಮೀನು ಸಾಕುತ್ತಾನೆ. ಹೊರಗೆ ಮೈನಸ್ 20 ಇದ್ದಾಗಲೂ ಅವನ ಮೀನು ಚೆನ್ನಾಗಿರುತ್ತವೆ. ಫೋನ್ ಮಾಡಿದೆ. ಅಲ್ಲಿ ಹಿಂದಿನ ದಿನದ ಸಂಜೆ.

"ಅಕ್ಕಾ, ನೀರು ಎಷ್ಟು ಡಿಗ್ರಿ ಇದೆ?"

"ಗೊತ್ತಿಲ್ಲ ಕಣೋ. ತಣ್ಣಗಿದೆ."

"ಸರಿ. ಊಟ ಎಷ್ಟು ಹಾಕ್ತಿದ್ದೀಯ?"

ಮೊದಲಿನಷ್ಟೇ, ದಿನಕ್ಕೆ 50 ಗ್ರಾಂ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಾದ.

ಥರ್ಮಾಮೀಟರ್ ತಂದು ಇಳಿಬಿಟ್ಟೆ. 17 ಡಿಗ್ರಿ. ಬೆಂಗಳೂರಿನ ಚಳಿ ಕ್ಯಾಲ್ಗರಿಯವರಿಗೆ ತಮಾಷೆ. ಇಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆದರೆ ತಿಲಾಪಿಯಾ ಆಫ್ರಿಕಾ ಮೂಲದ್ದು. ಅದಕ್ಕೆ 27ರಿಂದ 30 ಡಿಗ್ರಿ ಹಿತ. 20ಕ್ಕಿಂತ ಕೆಳಗೆ ಬೆಳವಣಿಗೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. 16, 17ಕ್ಕೆ ಊಟ ಬಿಡುತ್ತದೆ. ಸಾಯುವುದು 10, 12ರ ಆಸುಪಾಸಿನಲ್ಲಿ. ಅಂದರೆ ನನ್ನ ಮೀನು ಚಳಿಗೆ ಸತ್ತಿರಲಿಲ್ಲ.

ಮೀನಿಗೆ ಸ್ವಂತ ಒಲೆ ಇಲ್ಲ. ನೀರು ಎಷ್ಟು ಬಿಸಿಯೋ ಅದರ ಮೈಯೂ ಅಷ್ಟೇ ಬಿಸಿ. ನೀರು ಹತ್ತು ಡಿಗ್ರಿ ಇಳಿದರೆ ಮೈಯೊಳಗಿನ ಕೆಲಸವೆಲ್ಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಚಳಿಯಲ್ಲಿ ನಮಗೆ ಅವರೆಕಾಳು ಉಪ್ಪಿಟ್ಟು ಎರಡು ತಟ್ಟೆ ಬೇಕು. ಮೀನಿಗೆ ತದ್ವಿರುದ್ಧ.

ಈಗ ಆ 50 ಗ್ರಾಂ ಕಾಳಿನ ಲೆಕ್ಕ ನೋಡಿ. ಅದರಲ್ಲಿ ಪ್ರೋಟೀನು ಶೇ 32 ಎಂದಿಟ್ಟುಕೊಂಡರೆ 16 ಗ್ರಾಂ. ಪ್ರೋಟೀನಿನ ಶೇ 16ರಷ್ಟು ಸಾರಜನಕ, ಅಂದರೆ ಎರಡೂವರೆ ಗ್ರಾಂ. ಮೀನು ಚೆನ್ನಾಗಿ ತಿಂದು ಬೆಳೆಯುವಾಗಲೂ ಅದರಲ್ಲಿ ಮೈಗೆ ಹತ್ತುವುದು ಸುಮಾರು ಮೂರನೇ ಒಂದು ಪಾಲು. ಉಳಿದದ್ದು ಬಹುಪಾಲು ಅಮೋನಿಯಾ ಆಗಿ ಕಿವಿರುಗಳಿಂದಲೇ ನೀರಿಗೆ ಸೇರುತ್ತದೆ. 500 ಲೀಟರಿಗೆ ಹಂಚಿದರೆ ಒಂದೇ ದಿನಕ್ಕೆ ಲೀಟರಿಗೆ ಮೂರು ಮಿಲಿಗ್ರಾಂಗೂ ಜಾಸ್ತಿ. ತಿನ್ನದೆ ಬಿಟ್ಟ ಕಾಳು ತಳದಲ್ಲಿ ಕೊಳೆತರೂ ಕೊನೆಗೆ ಅದೇ ಅಮೋನಿಯಾ.

ಇದನ್ನು ದಿನಾ ಬಳಿದು ಸ್ವಚ್ಛ ಮಾಡುವವರು ಜಲ್ಲಿಗೆ ಅಂಟಿಕೊಂಡಿರುವ ಬ್ಯಾಕ್ಟೀರಿಯಾಗಳು. ಒಂದು ಪಂಗಡ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಸೊಪ್ಪಿನ ಆಹಾರ. ಈ ಬ್ಯಾಕ್ಟೀರಿಯಾಗಳಿಗೂ 25ರಿಂದ 30 ಡಿಗ್ರಿ ಇಷ್ಟ. 10ರ ಹತ್ತಿರ ಬಂದರೆ ತೀರಾ ಮಂಕು. ಬೆಚ್ಚಗಿನ ದಿನಗಳಲ್ಲೇ ಜಲ್ಲಿಯ ಮೇಲೆ ಇವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಾನು ಶುರು ಮಾಡಿದ್ದೇ ದೀಪಾವಳಿ ಕಳೆದ ಮೇಲೆ. ಅವು ಬಿಡಾರ ಹೂಡುವ ಮೊದಲೇ ಚಳಿ ಬಂತು. ಮೆಂತ್ಯಕ್ಕೂ ಪಾಲಕ್‌ಗೂ ಮಾತ್ರ ಈ ಹವೆ ಹೇಳಿ ಮಾಡಿಸಿದ್ದು, ಆದರೂ ಎಲೆ ಹಳದಿಯಾಗಿತ್ತು. ನೀರಿನ ತುಂಬ ಸಾರಜನಕ, ಆದರೆ ಅವಕ್ಕೆ ಒಗ್ಗುವ ರೂಪದಲ್ಲಿ ಇಲ್ಲ.

ಅಮೋನಿಯಾ ಕಿಟ್ಟಿನ ಕೊಳವೆಗೆ ನೀರು ಹಾಕಿ ಹನಿ ಬಿಟ್ಟರೆ, ಹಳದಿ ಇರಬೇಕಾದ್ದು ಕಡು ಹಸಿರಾಯಿತು. ಲೀಟರಿಗೆ 4 ಮಿಲಿಗ್ರಾಂ. ನಮ್ಮದು ಬೋರ್‌ವೆಲ್ ನೀರು, ಪಿಎಚ್ 8, ಅಂದರೆ ತುಸು ಕ್ಷಾರ. ಇಲ್ಲಿ ಚಳಿ ಸ್ವಲ್ಪ ಉಪಕಾರವನ್ನೂ ಮಾಡುತ್ತದೆ. ಅಮೋನಿಯಾದಲ್ಲಿ ನಿಜಕ್ಕೂ ವಿಷವಾಗುವುದು ಒಂದು ಪಾಲು ಮಾತ್ರ. ನೀರು ಕ್ಷಾರವಾದಷ್ಟೂ ಆ ಪಾಲು ಜಾಸ್ತಿ, ತಣ್ಣಗಿದ್ದಷ್ಟೂ ಕಡಿಮೆ. ಇದೇ ನೀರು 28 ಡಿಗ್ರಿ ಇದ್ದಿದ್ದರೆ ವಿಷ ಸುಮಾರು ಎರಡು ಪಟ್ಟು ಆಗುತ್ತಿತ್ತು.

ಬಾಯಿ ಬಿಡುತ್ತಿದ್ದದ್ದು ಗಾಳಿ ಸಾಲದೆ ಅಂದುಕೊಂಡಿದ್ದೆ. ಅದೂ ತಪ್ಪು. ತಣ್ಣೀರಿನಲ್ಲಿ ಆಮ್ಲಜನಕ ಜಾಸ್ತಿ ಕರಗುತ್ತದೆ. 30 ಡಿಗ್ರಿಯಲ್ಲಿ ಲೀಟರಿಗೆ 7.6 ಮಿಲಿಗ್ರಾಂ ಆದರೆ 17ರಲ್ಲಿ 9.7. (ಇದು ಸಮುದ್ರ ಮಟ್ಟದ ಲೆಕ್ಕ. ನಮ್ಮ 900 ಮೀಟರ್ ಎತ್ತರಕ್ಕೆ ಶೇ 10ರಷ್ಟು ಕಳೆಯಿರಿ.) ನೀರಲ್ಲಿ ಆಮ್ಲಜನಕ ಇತ್ತು, ಅದನ್ನು ಎಳೆದುಕೊಳ್ಳುವ ಕಿವಿರು ಅಮೋನಿಯಾದಿಂದ ಸುಟ್ಟಂತಾಗಿತ್ತು. ನೈಟ್ರೈಟ್ ರಕ್ತಕ್ಕೆ ಹೊಕ್ಕರೆ ಅದನ್ನು ಕಂದು ಮಾಡಿ, ಆಮ್ಲಜನಕ ಹೊರುವ ಶಕ್ತಿಯನ್ನೇ ಕಸಿಯುತ್ತದೆ. ಸತ್ತ ಮೀನಿನ ಕಿವಿರು ಎತ್ತಿ ನೋಡಿದೆ. ಕೆಂಪಿರಬೇಕಾದ್ದು ಹಳೇ ಡಿಕಾಕ್ಷನ್ ಬಣ್ಣ.

ಊಟ ಪೂರ್ತಿ ನಿಲ್ಲಿಸಿದೆ. ಮೂರನೇ ಒಂದು ಭಾಗ ನೀರು ಬದಲಿಸಿದೆ. ಅರ್ಧ ಕೇಜಿ ಉಪ್ಪು ಕರಗಿಸಿ ಹಾಕಿದೆ. ಉಪ್ಪಿನ ಕ್ಲೋರೈಡು ಕಿವಿರಿನ ಬಾಗಿಲಲ್ಲಿ ನೈಟ್ರೈಟಿಗೆ ಅಡ್ಡ ನಿಲ್ಲುತ್ತದೆ. ಲೀಟರಿಗೆ ಒಂದು ಗ್ರಾಂ ಆದರೆ ಸೊಪ್ಪು ಹೇಗೋ ಸಹಿಸುತ್ತದೆ. ಆದರೂ 11 ಮೀನು ಹೋದವು.

ಹೀಟರ್ ಹಾಕಬಹುದಿತ್ತಲ್ವಾ ಎಂದು ಎಲ್ಲರೂ ಕೇಳುತ್ತಾರೆ. 500 ಲೀಟರ್ ನೀರನ್ನು 5 ಡಿಗ್ರಿ ಏರಿಸಲು ಸುಮಾರು ಮೂರು ಯೂನಿಟ್ ಕರೆಂಟ್ ಬೇಕು. ರಾತ್ರಿ ಸೋರಿದ್ದನ್ನು ಮರುದಿನ ಮತ್ತೆ ತುಂಬಬೇಕು. ಆ ಸೋರಿಕೆಯ ದೊಡ್ಡ ದಾರಿ ನನ್ನ ಜಲ್ಲಿ ಟ್ರೇಗಳೇ. ಡಿಸೆಂಬರಿನ ಒಣಗಾಳಿಗೆ ಒದ್ದೆ ಜಲ್ಲಿ ಮಣ್ಣಿನ ಹೂಜಿಯ ಹಾಗೆ ಕೆಲಸ ಮಾಡುತ್ತದೆ. ಒಂದು ಲೀಟರ್ ನೀರು ಆವಿಯಾಗಿ ಹೋದರೆ 500 ಲೀಟರ್ ನೀರು ಒಂದು ಡಿಗ್ರಿಗೂ ಸ್ವಲ್ಪ ಜಾಸ್ತಿ ತಣ್ಣಗಾಗುತ್ತದೆ. ನಾನು ಇಡೀ ರಾತ್ರಿ ಪಂಪು ಓಡಿಸಿ ಆ ಹೂಜಿಗೆ ನೀರು ತುಂಬುತ್ತಿದ್ದೆ! ಈಗ ರಾತ್ರಿ ಎರಡು ಗಂಟೆಗೊಮ್ಮೆ ಹತ್ತು ನಿಮಿಷ ಮಾತ್ರ ಓಡುತ್ತದೆ, ಬ್ಯಾಕ್ಟೀರಿಯಾ ಒಣಗದಿರಲಿ ಎಂದು. ಗಾಳಿ ಪಂಪು ಮಾತ್ರ ನಿಲ್ಲುವುದಿಲ್ಲ. ತೊಟ್ಟಿಯ ಸುತ್ತ ಥರ್ಮಾಕೋಲ್ ಕಟ್ಟಿ, ಸಂಜೆ ಮೇಲೊಂದು ಹಲಗೆ ಮುಚ್ಚುತ್ತೇನೆ. ಇಷ್ಟಕ್ಕೇ ಬೆಳಗಿನ ನೀರು 19.5ಕ್ಕೆ ನಿಂತಿತು.

ಹಿಮ ಬೀಳುವ ಊರುಗಳಲ್ಲಿ ಪಂಪಿನ ಕಥೆಯೇ ಬೇರೆ. ನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ. ಹಾಗಾಗಿ ಕೊಳದ ಮೇಲೆ ಮಂಜುಗಡ್ಡೆ ಕಟ್ಟಿದರೂ ತಳದಲ್ಲಿ 4 ಡಿಗ್ರಿಯ ನೀರು ಉಳಿಯುತ್ತದೆ. ಮೀನು ಅಲ್ಲಿ ಅಲುಗಾಡದೆ ಚಳಿಗಾಲ ಕಳೆಯುತ್ತದೆ. ತಳದಲ್ಲಿ ಪಂಪು ಇಟ್ಟು ಕಲಕಿದರೆ ಆ ಆಸರೆಯೂ ಹೋಗುತ್ತದೆ. ಅದಕ್ಕೇ ಅಲ್ಲಿನವರು ಚಳಿಗಾಲದಲ್ಲಿ ಪಂಪನ್ನು ತಳದಿಂದ ಮೇಲೆತ್ತಿ ಇಡುತ್ತಾರೆ. ತಮ್ಮನ ದಾರಿ ಇನ್ನೂ ಜಾಣತನದ್ದು. ಬೇಸ್‌ಮೆಂಟಿನ ತಣ್ಣನೆ ಮೂಲೆಯಲ್ಲಿ ರೇನ್‌ಬೋ ಟ್ರೌಟ್ ಸಾಕಿದ್ದಾನೆ. ಅದಕ್ಕೆ 12ರಿಂದ 16 ಡಿಗ್ರಿಯೇ ಸುಖ. ಬ್ರಿಟಿಷರು ನೀಲಗಿರಿಯ ತೊರೆಗಳಿಗೆ ತಂದು ಬಿಟ್ಟದ್ದೂ ಇದೇ ಜಾತಿಯ ಮೀನು. ಬೆಂಗಳೂರಿನ ಏಪ್ರಿಲ್ ಅದಕ್ಕೆ ಆಗಿಬರುವುದಿಲ್ಲ. ಇಲ್ಲಿ ವರ್ಷವಿಡೀ ತಲೆನೋವು ಬೇಡ ಎನ್ನುವವರು ಸಾಮಾನ್ಯ ಗೆಂಡೆ ಸಾಕಲಿ. ಬಿಸಿಯನ್ನೂ ಚಳಿಯನ್ನೂ ತಡೆಯುತ್ತದೆ. ನಾನು ಹಟಕ್ಕೆ ಜಿಲೇಬಿಯನ್ನೇ ಉಳಿಸಿಕೊಂಡೆ.

ಥರ್ಮಾಮೀಟರಿನ ದಾರವನ್ನು ಈಗ ಕಾಳಿನ ಡಬ್ಬಿಗೇ ಕಟ್ಟಿದ್ದೇನೆ. ಡಬ್ಬಿ ತೆಗೆಯಬೇಕಾದರೆ ಅದನ್ನು ನೀರಿನಿಂದ ಎತ್ತಲೇಬೇಕು. 18ಕ್ಕಿಂತ ಕಡಿಮೆ ಇದ್ದರೆ ಮುಚ್ಚಳ ತೆಗೆಯುವುದಿಲ್ಲ. ಸಂಕ್ರಾಂತಿ ಮರುದಿನ ಮಧ್ಯಾಹ್ನ ಎರಡಕ್ಕೆ ನೋಡಿದೆ, 23 ಇತ್ತು. ಒಂದು ಚಿಟಿಕೆ ಹಾಕಿದೆ. ಮೊದಲು ಒಂದು ಬಂತು. ಆಮೇಲೆ 28 ಒಟ್ಟಿಗೆ ಬಂದು ನೀರು ನನ್ನ ಕನ್ನಡಕಕ್ಕೆ ಹಾರಿತು.